ಫೈಲ್ ಮ್ಯಾನೇಜರಿನ ಎಡಗಡೆ ಪಟ್ಟಿ: ಬೇಡದ್ದು ತೆಗೆಯೋದು, ಬೇಕಾದ್ದು ಇಡೋದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಜಾಸ್ತಿ ಇರೋದು ಒಂದೇ ವಿಷಯದ್ದು, ಫೋಲ್ಡರ್ ತೆರೆದಾಗ ಎಡಗಡೆ ಕಾಣೋ ಸೈಡ್‌ಬಾರಿಂದು. ಅದಕ್ಕೇ ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇದನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್, ನಂದು ವಿಂಡೋಸ್ 10. ಎಕ್ಸ್‌ಪ್ಲೋರರ್ ತೆರೆದ್ರೆ ಎಡಗಡೆ ಕ್ವಿಕ್ ಆಕ್ಸೆಸ್ ಕೆಳಗೆ ನಾನು ಇಟ್ಟೇ ಇಲ್ಲದ ಫೋಲ್ಡರ್‌ಗಳೆಲ್ಲ ಬಂದು ಕೂತಿರ್ತವೆ. ಯಾರೋ ಕಳಿಸಿದ ಜಿಪ್ ಬಿಚ್ಚಿದ ಫೋಲ್ಡರ್ ಕೂಡ ಅಲ್ಲೇ ಇದೆ. ತೆಗೆಯೋಣ ಅಂದ್ರೆ ಒಳಗಿರೋ ಫೈಲ್‌ಗಳೂ ಹೋಗ್ಬಿಡುತ್ತೇನೋ ಅಂತ ಭಯ.

ಉತ್ತರ: ಹೋಗಲ್ಲ, ಧೈರ್ಯವಾಗಿ ತೆಗೀರಿ. ಆ ಪಟ್ಟಿಯಲ್ಲಿರೋದು ಫೋಲ್ಡರಿಗೆ ಹೋಗೋ ದಾರಿ ಅಷ್ಟೇ, ಫೋಲ್ಡರ್ ಎಲ್ಲಿತ್ತೋ ಅಲ್ಲೇ ಇರುತ್ತೆ. ಬಲಗಡೆ ಕ್ಲಿಕ್ ಮಾಡಿದಾಗ ಬರೋ ಮೆನುವಿನಲ್ಲಿ 'ಅನ್‌ಪಿನ್' ಅಥವಾ 'ರಿಮೂವ್ ಫ್ರಮ್ ಕ್ವಿಕ್ ಆಕ್ಸೆಸ್' ಒತ್ತಿದ್ರೆ ಸಾಕು, ಆದ್ರೆ ಎಲ್ಲಾದ್ರೂ 'ಡಿಲೀಟ್' ಅಂತ ಕಂಡ್ರೆ ಅದರ ತಂಟೆಗೆ ಮಾತ್ರ ಹೋಗ್ಬೇಡಿ, ಅದು ನಿಜವಾದ ಫೋಲ್ಡರಿಗೇ ಕೈ ಹಾಕೋದು.

ಈಗ ಕರೆಯದೇ ಬರೋ ನೆಂಟರ ವಿಷಯ. ವಿಂಡೋಸ್ 7ರಲ್ಲಿ ಅದೇ ಜಾಗದಲ್ಲಿ ಫೇವರಿಟ್ಸ್ ಅಂತ ಇತ್ತು, ಅಲ್ಲಿ ನಾವು ಇಟ್ಟಿದ್ದು ಇಟ್ಟಂಗೇ ಇರ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದು ಹೋಗಿ ಕ್ವಿಕ್ ಆಕ್ಸೆಸ್ ಬಂತು, ಇದು ನಾವು ಪಿನ್ ಮಾಡಿದ್ದರ ಜೊತೆಗೆ ನಾವು ಆಗಾಗ ಹೋಗೋ ಫೋಲ್ಡರ್‌ಗಳನ್ನ ತಾನೇ ಲೆಕ್ಕ ಇಟ್ಕೊಂಡು ಸೇರಿಸುತ್ತೆ. ಎರಡಕ್ಕೂ ವ್ಯತ್ಯಾಸ ನೋಡಿದ್ರೇ ಗೊತ್ತಾಗುತ್ತೆ, ನೀವು ಇಟ್ಟಿದ್ದರ ಪಕ್ಕ ಸಣ್ಣ ಪಿನ್ ಗುರುತು ಇರುತ್ತೆ, ತಾನಾಗೇ ಬಂದಿದ್ದಕ್ಕೆ ಇರಲ್ಲ. ಇದನ್ನ ನಿಲ್ಲಿಸೋಕೆ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ' ಟ್ಯಾಬ್‌ಗೆ ಹೋಗಿ ಕೊನೇಲಿರೋ 'ಆಪ್ಷನ್ಸ್' ಒತ್ತಿ (ವಿಂಡೋಸ್ 11 ಇರೋರಿಗೆ ಮೇಲೆ ಮೂರು ಚುಕ್ಕೆ ಒತ್ತಿದ್ರೆ ಅದರೊಳಗಿದೆ), 'ಜನರಲ್' ಪುಟದ ತಳದಲ್ಲಿ 'ಪ್ರೈವೆಸಿ' ಅಂತ ಒಂದು ಡಬ್ಬಿ ಇದೆ, ಅದರಲ್ಲಿ ಆಗಾಗ ಬಳಸೋ ಫೋಲ್ಡರ್ ತೋರಿಸು ಅನ್ನೋ ಟಿಕ್ ತೆಗೀರಿ. ಇತ್ತೀಚಿನ ಫೈಲ್ ತೋರಿಸು ಅನ್ನೋ ಟಿಕ್ಕೂ ಅಲ್ಲೇ ಇದೆ, ನಿಮ್ಮ ಕಂಪ್ಯೂಟರಿನ ಸ್ಕ್ರೀನ್ ಬೇರೆಯವರು ನೋಡೋ ಹಾಗಿದ್ರೆ, ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡೋರಾದ್ರೆ, ಅದನ್ನೂ ತೆಗೆದುಬಿಡಿ, ಯಾಕಂದ್ರೆ ಮುಚ್ಚಿಡಬೇಕಾದ ಫೈಲಿನ ಹೆಸರು ಎಕ್ಸ್‌ಪ್ಲೋರರ್ ತೆರೆದ ತಕ್ಷಣ ಎಲ್ಲರ ಕಣ್ಣಿಗೂ ಬೀಳುತ್ತೆ. ಪಕ್ಕದ 'ಕ್ಲಿಯರ್' ಬಟನ್ ಹಳೇ ಲೆಕ್ಕ ಅಳಿಸುತ್ತೆ.

ಇಷ್ಟಾದ್ಮೇಲೆ ಏನು ಪಿನ್ ಮಾಡ್ಬೇಕು ಅನ್ನೋದು. ಸುಮಾರು ಜನ 'ಡಾಕ್ಯುಮೆಂಟ್ಸ್', 'ಡಿ ಡ್ರೈವ್' ಅಂತ ದೊಡ್ಡ ದೊಡ್ಡದನ್ನೇ ಪಿನ್ ಮಾಡ್ತಾರೆ, ಆಮೇಲೆ ಅಲ್ಲಿಂದ ಆರು ಮೆಟ್ಟಿಲು ಇಳಿದು ಹೋಗ್ತಾರೆ, ಹಂಗಾದ್ರೆ ಪಿನ್ ಮಾಡಿ ಏನು ಬಂತು? ಈ ತಿಂಗಳು ಕೆಲಸ ನಡೀತಿರೋ ಫೋಲ್ಡರ್ ಎಷ್ಟೇ ಒಳಗಿದ್ರೂ ಅದನ್ನೇ ಪಿನ್ ಮಾಡಿ, ಕೆಲಸ ಮುಗಿದ ದಿನ ಅನ್‌ಪಿನ್ ಮಾಡಿ. ಇದರ ನಿಜವಾದ ಲಾಭ ಕಾಣೋದು ಎಕ್ಸ್‌ಪ್ಲೋರರ್‌ನಲ್ಲಲ್ಲ, ಬೇರೆ ಪ್ರೋಗ್ರಾಮ್‌ಗಳಲ್ಲಿ 'ಸೇವ್ ಆ್ಯಸ್' ಒತ್ತಿದಾಗ. ಅಲ್ಲಿ ಬರೋ ಕಿಟಕಿಯ ಎಡಗಡೆಯೂ ಇದೇ ಪಟ್ಟಿ ಇರುತ್ತೆ, ಒಂದೇ ಕ್ಲಿಕ್ಕಿಗೆ ಸರಿಯಾದ ಜಾಗ ಸಿಗುತ್ತೆ, ಅದಿಲ್ಲ ಅಂದ್ರೆ ನಾವೆಲ್ಲ ಏನ್ಮಾಡ್ತೀವಿ ಗೊತ್ತಲ್ಲ, ಸದ್ಯಕ್ಕೆ ಡೆಸ್ಕ್‌ಟಾಪ್‌ಗೆ ಹಾಕೋಣ ಅಂತ ಹಾಕ್ತೀವಿ, ಅದು ಅಲ್ಲೇ ಇರುತ್ತೆ ವರ್ಷಗಟ್ಟಲೆ.

ಇನ್ನೊಂದು, ನೆಟ್‌ವರ್ಕ್ ಮೇಲಿರೋ ಫೋಲ್ಡರ್ ಪಿನ್ ಮಾಡಿದ್ರೆ ಆ ನೆಟ್‌ವರ್ಕ್ ಸಿಗದೇ ಇರೋ ಕಡೆ ಎಕ್ಸ್‌ಪ್ಲೋರರ್ ಅದನ್ನ ಹುಡುಕ್ತಾ ಕಾಯ್ತಾ ಕೂರಬಹುದು. ತೆರೆಯೋಕೆ ತುಂಬ ಹೊತ್ತು ಹಿಡೀತಿದ್ರೆ ಮೊದಲು ಅಂಥ ಪಿನ್ ತೆಗೆದು ನೋಡಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಒಂದು ಫೋಲ್ಡರನ್ನ ಸೈಡ್‌ಬಾರಿಗೆ ಎಳೆದು ಬಿಟ್ಟೆ. ಸೈಡ್‌ಬಾರಿಗೂ ಬರಲಿಲ್ಲ, ಇದ್ದ ಜಾಗದಲ್ಲೂ ಇಲ್ಲ! ಎಲ್ಲಿಗೆ ಹೋಯ್ತು?

ಉತ್ತರ: ಬಹುಶಃ 'ಡೌನ್‌ಲೋಡ್ಸ್' ಒಳಗೋ 'ಡಾಕ್ಯುಮೆಂಟ್ಸ್' ಒಳಗೋ ಸೇರ್ಕೊಂಡಿರುತ್ತೆ, ಮೊದಲು ಅಲ್ಲಿ ನೋಡಿ. ಆಗೋದು ಹೀಗೆ: ಫೋಲ್ಡರನ್ನ ಎಳ್ಕೊಂಡು ಹೋಗಿ ಪಟ್ಟಿಯಲ್ಲಿರೋ ಎರಡು ಹೆಸರುಗಳ ಮಧ್ಯೆ ಹಿಡಿದ್ರೆ ಒಂದು ತೆಳ್ಳನೆ ಅಡ್ಡಗೆರೆ ಕಾಣುತ್ತೆ, ಆ ಗೆರೆ ಇದ್ದಾಗ ಬಿಟ್ರೆ ಸೈಡ್‌ಬಾರಿಗೆ ಸೇರುತ್ತೆ. ಒಂಚೂರು ಮೇಲೆ ಕೆಳಗೆ ಆಗಿ ಯಾವುದಾದ್ರೂ ಹೆಸರಿನ ಮೇಲೇ ಬಂದ್ರೆ ಗೆರೆ ಹೋಗಿ ಆ ಹೆಸರಿನ ಸುತ್ತ ಬಣ್ಣ ತುಂಬ್ಕೊಳ್ಳುತ್ತೆ, ಆಗ ಬಿಟ್ರೆ ಫೋಲ್ಡರ್ ಅದರೊಳಗೆ ಹೋಗುತ್ತೆ, ಒಂದೇ ಡಿಸ್ಕ್ ಆಗಿದ್ರೆ ಕಾಪಿ ಕೂಡ ಆಗಲ್ಲ, ಇದ್ದ ಜಾಗದಿಂದ ಎದ್ದು ಅಲ್ಲಿಗೇ ಹೋಗಿಬಿಡುತ್ತೆ. ತಕ್ಷಣ ಗೊತ್ತಾದ್ರೆ ಕಮಾಂಡ್ ಝಡ್ ಒತ್ತಿ, ವಾಪಸ್ ಬರುತ್ತೆ.

ಎಳೆಯೋ ರಗಳೆನೇ ಬೇಡ ಅಂದ್ರೆ ಫೋಲ್ಡರ್ ಆಯ್ಕೆ ಮಾಡಿ ಕಂಟ್ರೋಲ್, ಕಮಾಂಡ್, ಟಿ ಮೂರೂ ಒಟ್ಟಿಗೆ ಒತ್ತಿ, ನೆಟ್ಟಗೆ ಸೈಡ್‌ಬಾರಿಗೆ ಹೋಗಿ ಕೂರುತ್ತೆ. ನಾನಂತೂ ಎಲ್ಲರಿಗೂ ಇದನ್ನೇ ಹೇಳೋದು. ತೆಗೆಯೋಕೆ ಅದರ ಮೇಲೆ ಬಲ ಕ್ಲಿಕ್ ಮಾಡಿ 'ರಿಮೂವ್ ಫ್ರಮ್ ಸೈಡ್‌ಬಾರ್'. ಇನ್ನು ಐಕ್ಲೌಡ್, ಟ್ಯಾಗ್ಸ್, ಏರ್‌ಡ್ರಾಪ್ ಇವೆಲ್ಲ ಬೇಕೋ ಬೇಡವೋ ಅನ್ನೋದು ಫೈಂಡರಿನ (ಮ್ಯಾಕ್‌ನ ಫೈಲ್ ಮ್ಯಾನೇಜರ್) 'ಸೆಟ್ಟಿಂಗ್ಸ್' ಒಳಗೆ 'ಸೈಡ್‌ಬಾರ್' ಅನ್ನೋ ಪುಟದಲ್ಲಿ ಟಿಕ್ ಮಾಡೋದು ತೆಗೆಯೋದು ಅಷ್ಟೇ, ಕಮಾಂಡ್ ಜೊತೆ ಕಾಮಾ ಒತ್ತಿದ್ರೆ ಅಲ್ಲಿಗೇ ಹೋಗುತ್ತೆ. ಅಕ್ಷರ ತೀರಾ ಸಣ್ಣದಾಗಿ ಕಾಣ್ತಿದ್ರೆ ಅದನ್ನ ಮಾತ್ರ ಫೈಂಡರ್‌ನಲ್ಲಿ ಹುಡುಕ್ಬೇಡಿ, ಸಿಸ್ಟಮ್ ಸೆಟ್ಟಿಂಗ್ಸ್‌ನ 'ಅಪಿಯರೆನ್ಸ್'ನಲ್ಲಿ ಸೈಡ್‌ಬಾರ್ ಐಕಾನ್ ಸೈಜ್ ಅಂತ ಇದೆ, ಅದನ್ನ ದೊಡ್ಡದು ಮಾಡಿದ್ರೆ ಅಕ್ಷರಾನೂ ಜೊತೆಗೇ ದೊಡ್ಡದಾಗುತ್ತೆ.

ಪ್ರಶ್ನೆ: ಉಬುಂಟು ಬಳಸ್ತೀನಿ. ಮ್ಯೂಸಿಕ್, ವಿಡಿಯೋಸ್ ಇವೆರಡೂ ನಂಗೆ ಯಾವ ಕೆಲಸಕ್ಕೂ ಬರಲ್ಲ. ನಾನು ಹಾಕಿದ ಬುಕ್‌ಮಾರ್ಕ್ ತೆಗೆಯೋಕೆ ಬರುತ್ತೆ, ಇವನ್ನ ತೆಗೆಯೋ ಆಪ್ಷನ್ನೇ ಇಲ್ವಲ್ಲ?

ಉತ್ತರ: ಇವು ಬುಕ್‌ಮಾರ್ಕ್ ಅಲ್ಲದೇ ಇರೋದ್ರಿಂದ ಆ ತೊಂದ್ರೆ. ಸಿಸ್ಟಮ್ ಕೆಲವು ಫೋಲ್ಡರ್‌ಗಳನ್ನ ವಿಶೇಷ ಅಂತ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತೆ, ಫೈಲ್ ಮ್ಯಾನೇಜರ್ ಅದನ್ನ ನೋಡಿ ಸೈಡ್‌ಬಾರಿಗೆ ಹಾಕುತ್ತೆ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿದ್ರೆ ಚುಕ್ಕೆಯಿಂದ ಶುರುವಾಗೋ ಅಡಗಿದ ಫೋಲ್ಡರ್‌ಗಳು ಕಾಣ್ತವೆ, ಅದರಲ್ಲಿ 'ಡಾಟ್ ಕಾನ್ಫಿಗ್' ಅನ್ನೋದರ ಒಳಗೆ ಹೋದ್ರೆ 'ಯೂಸರ್ ಡರ್ಸ್ ಡಾಟ್ ಡರ್ಸ್' ಅನ್ನೋ ಸಣ್ಣ ಟೆಕ್ಸ್ಟ್ ಫೈಲ್ ಸಿಗುತ್ತೆ. ತೆರೆದು ನೋಡಿ, ಒಂದೊಂದು ಸಾಲಿಗೆ ಒಂದೊಂದು ಫೋಲ್ಡರ್, ಎಡಗಡೆ ಅದು ಯಾವ ಬಗೆಯದ್ದು ಅಂತ, ಸಮ ಚಿಹ್ನೆ ಆದ್ಮೇಲೆ ಕೋಟ್ ಒಳಗೆ ಅದು ಎಲ್ಲಿದೆ ಅಂತ. ಮ್ಯೂಸಿಕ್ ಸಾಲಿನಲ್ಲಿ ಫೋಲ್ಡರಿನ ಹೆಸರು ಅಳಿಸಿ ಬರೀ ಹೋಮ್‌ವರೆಗೆ ಮಾತ್ರ ಉಳಿಸಿದ್ರೆ ಸಿಸ್ಟಮ್ ಅದನ್ನ ಬೇರೆ ಫೋಲ್ಡರ್ ಇಲ್ಲ ಅಂತ ತಿಳ್ಕೊಳ್ಳುತ್ತೆ, ಲಾಗೌಟ್ ಮಾಡಿ ಮತ್ತೆ ಲಾಗಿನ್ ಆದಾಗ ಸೈಡ್‌ಬಾರಿಂದ ಹೋಗಿರುತ್ತೆ. ಇಷ್ಟೆಲ್ಲ ಯಾಕೆ ಅನ್ನೋರು ಒಳಗೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಆ ಮ್ಯೂಸಿಕ್ ಫೋಲ್ಡರನ್ನೇ ಅಳಿಸಿ ಮತ್ತೆ ಲಾಗಿನ್ ಆಗಿ, ಫೋಲ್ಡರ್ ಇಲ್ಲದ್ದನ್ನ ನೋಡಿ ಸಿಸ್ಟಮ್ಮೇ ಆ ಸಾಲನ್ನ ಹೀಗೆ ಬದಲಾಯಿಸುತ್ತೆ.

ಆದ್ರೆ ಎಲ್ಲವನ್ನೂ ಒಂದೇ ಸಲ ಗುಡಿಸಿ ಹಾಕೋಕೆ ಹೋಗ್ಬೇಡಿ. ಡೆಸ್ಕ್‌ಟಾಪ್ ಸಾಲನ್ನ ಹೋಮ್‌ಗೆ ತಿರುಗಿಸಿದ್ರೆ ಹೋಮ್‌ನಲ್ಲಿರೋದೆಲ್ಲ ಡೆಸ್ಕ್‌ಟಾಪ್ ಮೇಲೆ ಬಂದು ಚೆಲ್ಲಾಡುತ್ತೆ. 'ಟೆಂಪ್ಲೇಟ್ಸ್' ಫೋಲ್ಡರ್ ಖಾಲಿ ಇದೆ ಅಂತ ತೆಗೆಯೋರು ತುಂಬ ಜನ, ಅದರಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಹಾಕಿಟ್ಟು ನೋಡಿ, ಬಲ ಕ್ಲಿಕ್ ಮೆನುವಿನಲ್ಲಿ 'ನ್ಯೂ ಡಾಕ್ಯುಮೆಂಟ್' ಅಂತ ಬರುತ್ತೆ, ಅದು ಇದರ ಕೆಲಸ. ವಿಡಿಯೋಸ್ ತೆಗೆಯೋ ಮುಂಚೆನೂ ಒಂದು ಮಾತು, ಗ್ನೋಮ್‌ನಲ್ಲಿ (ಉಬುಂಟುವಿನ ಡೆಸ್ಕ್‌ಟಾಪ್) ಸ್ಕ್ರೀನ್ ರೆಕಾರ್ಡ್ ಮಾಡಿದ್ದು ಹೋಗಿ ಬೀಳೋದೇ ಅಲ್ಲಿಗೆ, ಅದು ಇಲ್ಲದಿದ್ರೆ ಹೋಮ್‌ನಲ್ಲಿ ಬಂದು ಬೀಳುತ್ತೆ. ರೆಕಾರ್ಡ್ ಮಾಡದೇ ಇರೋರಾದ್ರೆ ಏನೂ ತೊಂದ್ರೆ ಇಲ್ಲ ಬಿಡಿ.

ಇದೇ ಫೈಲಿಗೆ ಸಂಬಂಧಪಟ್ಟಿದ್ದು ಇನ್ನೊಂದಿದೆ. ಸಿಸ್ಟಮ್ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿ ಲಾಗಿನ್ ಆದ್ರೆ, ಈ ಫೋಲ್ಡರ್‌ಗಳ ಹೆಸರನ್ನೂ ಹೊಸ ಭಾಷೆಗೆ ಬದಲಾಯಿಸಲಾ ಅಂತ ಒಂದು ಕಿಟಕಿ ಬಂದು ಕೇಳುತ್ತೆ. ಹಳೇ ಹೆಸರೇ ಇರಲಿ ಅನ್ನಿ. ಕನ್ನಡದಲ್ಲಿ ಕಾಣೋಕೆ ಚೆನ್ನಾಗಿರುತ್ತೆ ನಿಜ, ಆದ್ರೆ ಹಳೇ ಹೆಸರನ್ನೇ ನಂಬ್ಕೊಂಡಿರೋ ಸ್ಕ್ರಿಪ್ಟು, ಬ್ಯಾಕಪ್ಪು ಎಲ್ಲ ಅಲ್ಲಿಂದ ಎಡವೋಕೆ ಶುರು ಮಾಡ್ತವೆ.

ಪ್ರಶ್ನೆ: ಏನೋ ಒತ್ತಿದೆ, ಸೈಡ್‌ಬಾರೇ ಮಾಯ. ಹೇಗೆ ತರೋದು?

ಉತ್ತರ: ಉಬುಂಟು, ಮಿಂಟ್, ಕೆಡಿಇ (ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್) ಇವುಗಳಲ್ಲಿ ಎಫ್ 9 ಒತ್ತಿ. ಎಕ್ಸ್‌ಎಫ್‌ಸಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪಿನ ಫೈಲ್ ಮ್ಯಾನೇಜರ್ ಥುನಾರ್ ಆಗಿದ್ರೆ ಕಂಟ್ರೋಲ್ ಬಿ. ಮ್ಯಾಕ್‌ನಲ್ಲಿ ಆಪ್ಷನ್, ಕಮಾಂಡ್, ಎಸ್. ವಿಂಡೋಸ್ 11ರಲ್ಲಿ 'ವ್ಯೂ', ಅದರೊಳಗೆ 'ಶೋ', ಅದರೊಳಗೆ 'ನ್ಯಾವಿಗೇಷನ್ ಪೇನ್'. ವಿಂಡೋ ತೀರಾ ಕಿರಿದು ಮಾಡಿದ್ರೂ ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ಸೈಡ್‌ಬಾರ್ ತಾನೇ ಮರೆಯಾಗುತ್ತೆ, ಒಂದ್ಸಲ ಅಗಲ ಮಾಡಿ ನೋಡಿ.

ಪ್ರಶ್ನೆ: ಒಂದೇ ಕಂಪ್ಯೂಟರಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ಲಿನಕ್ಸ್‌ನಲ್ಲಿ ಫೈಲ್ಸ್ ತೆರೆದಾಗ ವಿಂಡೋಸ್‌ನ ಪಾರ್ಟಿಷನ್‌ಗಳು ಕಾಣ್ತವೆ, ಮನೆಯಲ್ಲಿ ಮಕ್ಕಳು ಅದನ್ನ ಒತ್ತಿ ಏನಾದ್ರೂ ಎಡವಟ್ಟು ಮಾಡ್ತಾರೆ ಅಂತ ಮರೆ ಮಾಡ್ಬೇಕು.

ಉತ್ತರ: 'ಡಿಸ್ಕ್ಸ್' ಅನ್ನೋ ಪ್ರೋಗ್ರಾಮ್ ತೆರೀರಿ, ಆ ಪಾರ್ಟಿಷನ್ ಆಯ್ಕೆ ಮಾಡಿ, ಕೆಳಗಿನ ಗೇರ್ ಗುರುತು ಒತ್ತಿ 'ಎಡಿಟ್ ಮೌಂಟ್ ಆಪ್ಷನ್ಸ್'ಗೆ ಹೋಗಿ. ಮೇಲಿರೋ 'ಯೂಸರ್ ಸೆಷನ್ ಡೀಫಾಲ್ಟ್ಸ್' ಆಫ್ ಮಾಡಿದ್ರೆ ಮಿಕ್ಕಿದ್ದೆಲ್ಲ ತೆರೆದುಕೊಳ್ಳುತ್ತೆ, ಅಲ್ಲಿ 'ಶೋ ಇನ್ ಯೂಸರ್ ಇಂಟರ್‌ಫೇಸ್' ಅನ್ನೋ ಟಿಕ್ ತೆಗೀರಿ, ಲಿನಕ್ಸ್ ಶುರುವಾಗೋವಾಗ ಮೌಂಟ್ ಆಗೋದೂ (ಅಂದ್ರೆ ತಾನಾಗೇ ಜೋಡಣೆ ಆಗೋದೂ) ಬೇಡ ಅಂದ್ರೆ ಆ ಟಿಕ್ಕನ್ನೂ ತೆಗೀರಿ. ಪಾಸ್‌ವರ್ಡ್ ಕೇಳುತ್ತೆ, ಯಾಕಂದ್ರೆ ಇದು ಬರೆಯೋದು 'ಎಫ್‌ಎಸ್‌ಟ್ಯಾಬ್' ಅನ್ನೋ ಸಿಸ್ಟಮ್ ಫೈಲಿಗೆ. ಆ ಫೈಲನ್ನ ಕೈಯಿಂದ ತಿದ್ದೋಕೆ ಹೋಗಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಕಂಪ್ಯೂಟರ್ ಪೂರ್ತಿ ಶುರುವಾಗದೇ ಅರ್ಧಕ್ಕೇ ನಿಲ್ಲಬಹುದು, ಹಾಗಾಗಿ ಡಿಸ್ಕ್ಸ್ ಮೂಲಕವೇ ಮಾಡಿ. ಹಾಂ, ಇದು ಮರೆ ಮಾಡೋದು ಅಷ್ಟೇ, ಬೀಗ ಹಾಕೋದಲ್ಲ. ದಾರಿ ಗೊತ್ತಿರೋ ಮಕ್ಕಳಾದ್ರೆ ಹೆಂಗಾದ್ರೂ ಹೋಗ್ತಾರೆ, ಅವರಿಗೆ ಬೇರೆ ಯೂಸರ್ ಮಾಡಿಕೊಡೋದೇ ವಾಸಿ.

ಪ್ರಶ್ನೆ: ಸೈಡ್‌ಬಾರಿಂದ ಒನ್‌ಡ್ರೈವ್ ತೆಗೆಯೋಕೆ ರಿಜಿಸ್ಟ್ರಿ ತಿದ್ದಬೇಕು ಅಂತಾರೆ, ಹೌದಾ?

ಉತ್ತರ: ಒನ್‌ಡ್ರೈವ್ ಬಳಸ್ತಾನೇ ಇರ್ತೀನಿ, ಎಡಗಡೆ ಮಾತ್ರ ಕಾಣಬಾರದು ಅನ್ನೋರಿಗೆ ರಿಜಿಸ್ಟ್ರಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನ ಬರೆದಿಡೋ ಜಾಗ) ದಾರಿ, ಅಂಥವರು ಕಮ್ಮಿ. ಬಳಸೋದೇ ಇಲ್ಲ ಅಂದ್ರೆ ಸೆಟ್ಟಿಂಗ್ಸ್‌ನ 'ಆ್ಯಪ್ಸ್'ನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ. ಆದ್ರೆ ಅವಸರ ಬೇಡ, ಮೊದಲು ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ನಿಜಕ್ಕೂ ಎಲ್ಲಿವೆ ಅಂತ ಪ್ರಾಪರ್ಟೀಸ್‌ನಲ್ಲಿ ನೋಡಿ. ಬ್ಯಾಕಪ್ ಆನ್ ಆಗಿದ್ರೆ ಇವು ಒನ್‌ಡ್ರೈವ್ ಫೋಲ್ಡರಿನ ಒಳಗೇ ಹೋಗಿ ಕೂತಿರ್ತವೆ, ಪಕ್ಕದಲ್ಲಿ ಮೋಡದ ಗುರುತು ಇರೋ ಫೈಲ್‌ಗಳಂತೂ ನಿಮ್ಮ ಕಂಪ್ಯೂಟರಲ್ಲಿ ಇರೋದೇ ಇಲ್ಲ, ಬರೀ ಹೆಸರಿರುತ್ತೆ. ಅವನ್ನೆಲ್ಲ ಇಳಿಸ್ಕೊಂಡು, ಬ್ಯಾಕಪ್ ನಿಲ್ಲಿಸಿ, ಫೈಲ್‌ಗಳು ಹಳೇ ಜಾಗಕ್ಕೆ ಬಂದಿವೆ ಅಂತ ಕಣ್ಣಾರೆ ನೋಡಿ ಆಮೇಲೆ ತೆಗೀರಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ತಿದೀನಿ. ಹಳೇದರಲ್ಲಿ ಮಾಡಿಟ್ಟ ಸೈಡ್‌ಬಾರ್ ಪಟ್ಟಿ ಹಾಗೇ ತರಬಹುದಾ, ಅಥವಾ ಮತ್ತೆ ಒಂದೊಂದಾಗಿ ಹಾಕ್ಬೇಕಾ?

ಉತ್ತರ: ಆರಾಮಾಗಿ ತರಬಹುದು. ಮೇಲೆ ಹೇಳಿದ ಡಾಟ್ ಕಾನ್ಫಿಗ್ ಒಳಗೇ 'ಜಿಟಿಕೆ 3.0' ಅಂತ ಫೋಲ್ಡರ್ ಇದೆ, ಅದರಲ್ಲಿ 'ಬುಕ್‌ಮಾರ್ಕ್ಸ್' ಅನ್ನೋ ಫೈಲು, ಅದನ್ನ ಹೊಸದರಲ್ಲಿ ಅದೇ ಜಾಗಕ್ಕೆ ಹಾಕಿ. ಉಬುಂಟುವಿನ ಫೈಲ್ಸ್, ಮಿಂಟ್‌ನ ನೀಮೋ, ಎಕ್ಸ್‌ಎಫ್‌ಸಿಇಯ ಥುನಾರ್ ಮೂರೂ ಓದೋದು ಇದನ್ನೇ, ಹಾಗಾಗಿ ಒಂದರಲ್ಲಿ ಕಂಟ್ರೋಲ್ ಡಿ ಒತ್ತಿ ಇಟ್ಟಿದ್ದು ಇನ್ನೊಂದರಲ್ಲೂ ಕಾಣುತ್ತೆ. ಸಾಲಿಗೊಂದು ಜಾಗ, ದಾರಿ ಆದ್ಮೇಲೆ ಒಂದು ಸ್ಪೇಸ್ ಬಿಟ್ಟು ಏನು ಬರೀತೀರೋ ಅದೇ ಹೆಸರು ಸೈಡ್‌ಬಾರಲ್ಲಿ ಬರುತ್ತೆ. 'ಬಿಲ್ಸ್' ಅಂತ ಎರಡು ಫೋಲ್ಡರ್ ಇದ್ದು ಗೊಂದಲ ಆಗ್ತಿದ್ರೆ ಫೋಲ್ಡರ್ ಮುಟ್ಟದೇ ಇಲ್ಲಿ ಮಾತ್ರ ಬೇರೆ ಬೇರೆ ಹೆಸರು ಕೊಡಬಹುದು, ವಿಂಡೋಸ್ ಪಿನ್‌ನಲ್ಲಿ ಈ ಸೌಕರ್ಯ ಇಲ್ಲ, ಅಲ್ಲಿ ಫೋಲ್ಡರಿನ ಹೆಸರೇ ಹೆಸರು.

ಫೈಲ್ ತೆರೆದಾಗ ಪರ್ಸೆಂಟ್ ಚಿಹ್ನೆಗಳು ಸಾಲುಗಟ್ಟಿ ನಿಂತಿರೋದು ಕಂಡ್ರೆ ಹೆದರ್ಬೇಡಿ. ದಾರಿಯಲ್ಲಿ ಸ್ಪೇಸ್ ಇದ್ದ ಕಡೆ ಪರ್ಸೆಂಟ್ 20 ಅಂತ ಇರುತ್ತೆ. ಕನ್ನಡದ ಹೆಸರಾದ್ರೆ ಇನ್ನೂ ಮಜಾ, ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟು, ಬೈಟಿಗೆ ಮೂರು ಗುರುತು, ಅಂದ್ರೆ 'ಹಾಡು' ಅಂತ ಇರೋ ಪುಟ್ಟ ಫೋಲ್ಡರ್ ಅಲ್ಲಿ 36 ಗುರುತು ಉದ್ದ ಆಗಿರುತ್ತೆ. ಅದನ್ನ ತಿದ್ದೋಕೆ ಹೋಗ್ಬೇಡಿ, ಕೊನೇಲಿರೋ ಹೆಸರನ್ನ ಮಾತ್ರ ತಿದ್ದಿ, ಅಲ್ಲಿ ನೇರವಾಗಿ ಕನ್ನಡದಲ್ಲೇ ಬರೀಬಹುದು.

ಎರಡು ಎಚ್ಚರಿಕೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಯೂಸರ್ ಹೆಸರು ಬೇರೆ ಇಟ್ರೆ ಹೋಮ್‌ನ ದಾರಿನೂ ಬೇರೆ ಆಗುತ್ತೆ, ಆಗ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಹಳೇ ಹೆಸರು ಇರೋ ಕಡೆಯೆಲ್ಲ ಹೊಸದನ್ನ 'ರಿಪ್ಲೇಸ್' ಮಾಡಿ. ಇನ್ನು ಕೆಡಿಇ ಹಾಕ್ತಿದ್ರೆ ಇದು ಉಪಯೋಗಕ್ಕೆ ಬರಲ್ಲ, ಅದರ ಫೈಲ್ ಮ್ಯಾನೇಜರ್ ಡಾಲ್ಫಿನ್ ತನ್ನ ಪಟ್ಟಿಯನ್ನ 'ಡಾಟ್ ಲೋಕಲ್' ಒಳಗೆ 'ಶೇರ್' ಫೋಲ್ಡರಿನಲ್ಲಿ 'ಯೂಸರ್ ಪ್ಲೇಸಸ್' ಅನ್ನೋ ಬೇರೆಯೇ ಫೈಲಿನಲ್ಲಿ ಇಟ್ಕೊಳ್ಳುತ್ತೆ. ಅದರಲ್ಲಿ ಹೊಸದಾಗೇ ಮಾಡ್ಕೊಳ್ಳಿ, ಬೇಡದ್ದನ್ನ ಬಲ ಕ್ಲಿಕ್ ಮಾಡಿ 'ಹೈಡ್' ಅಂದ್ರೆ ಮುಗೀತು, ಮ್ಯೂಸಿಕ್ಕೂ ವಿಡಿಯೋಸೂ ಸಹ.