ಪಾಯದಲ್ಲಿ ನೀರು ನಿಂತಿದೆ, ಈಗೇನು ಮಾಡೋಣ?

ರೋಹಿಣಿ ಮಳೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಒದ್ದೆಯಾಗಿಯೇ ಬರುತ್ತವೆ. ಇದ್ದ ಮನೆಗೆ ಒಂದು ಕೋಣೆ ಸೇರಿಸಲು ಹೊರಟವರು, ಹಿತ್ತಲಲ್ಲಿ ನೆಂಟರಿಗೆಂದು ಪುಟ್ಟ ಮನೆ ಶುರು ಮಾಡಿದವರು, ಎಲ್ಲರೂ ಅರ್ಧಕ್ಕೆ ನಿಂತವರೇ. ಈ ಸಲ ನಾಲ್ಕು ಪತ್ರ ಆರಿಸಿದ್ದೇನೆ.

ಪ್ರಶ್ನೆ: ನಮ್ಮದು ಮಾವನವರ ಕಾಲದ ಹಂಚಿನ ಮನೆ, ಮಣ್ಣಿನ ಗೋಡೆ. ಅಡುಗೆಮನೆಗೆ ತಾಗಿ ಬಾತ್‌ರೂಮ್ ಸಮೇತ ಒಂದು ಕೋಣೆ, ಹಿತ್ತಲಲ್ಲಿ ಬೆಂಗಳೂರಿನಿಂದ ಬರುವ ಮಕ್ಕಳಿಗೆ ಎರಡು ಕೋಣೆಯ ಮನೆ, ಹೀಗೆ ಲೆಕ್ಕ ಹಾಕಿದ್ದೆವು. ಜನವರಿಯಲ್ಲಿ ಶುರುವಾಗಬೇಕಿತ್ತು, ಪಂಚಾಯ್ತಿ ಲೈಸೆನ್ಸ್ ಕೈಗೆ ಬಂದಿದ್ದು ಮಾರ್ಚ್ ಕೊನೆಗೆ. ಏಪ್ರಿಲ್‌ನಲ್ಲಿ ಎರಡು ಸಲ ಗುಡುಗು ಮಳೆ ಹೊಡೆದು ಪಾಯದ ತುಂಬ ನೀರು. ಕೋಣೆಯದು ಪ್ಲಿಂತ್ ಬೆಲ್ಟ್ (ಗೋಡೆ ಶುರುವಾಗುವ ಮಟ್ಟದಲ್ಲಿ ಪಾಯದ ಮೇಲೆ ಸುತ್ತ ಹಾಕುವ ಕಾಂಕ್ರೀಟ್ ಪಟ್ಟಿ) ಆಗಿದೆ, ಹಿತ್ತಲ ಮನೆಯದು ಬರೀ ಗುಂಡಿ. 'ಮಳೆ ಹಿಡಿಯೋದ್ರೊಳಗೆ ಎರಡನ್ನೂ ಲಿಂಟಲ್ ಮಟ್ಟಕ್ಕೆ, ಬಾಗಿಲು ಕಿಟಕಿಯ ನೆತ್ತಿವರೆಗೆ, ಎತ್ತಿಬಿಡ್ತೀನಿ ಅಕ್ಕಾ' ಅಂತಾನೆ ಮೇಸ್ತ್ರಿ. ನಮ್ಮ ಯಜಮಾನರು ಬೇಡ ಅಂತಾರೆ. ಯಾರ ಮಾತು ಕೇಳಲಿ? (ಕೊಪ್ಪ ತಾಲ್ಲೂಕಿನ ಓದುಗರು)

ಉತ್ತರ: ಯಜಮಾನರ ಮಾತು ಕೇಳಿ. ಬೇರೆ ವಿಷಯ ನನಗೆ ಗೊತ್ತಿಲ್ಲ, ಇದೊಂದರಲ್ಲಿ ಅವರು ಸರಿ.

ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ಮುಟ್ಟುತ್ತದೆ, ಅಲ್ಲಿಂದ ನಾಲ್ಕೈದು ದಿನಕ್ಕೆ ನಮ್ಮ ಕಡೆ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಸೆಪ್ಟೆಂಬರ್ ಒಳಗೇ. ಅಷ್ಟು ಮಳೆಗೆ ಮಾಡು (ಛಾವಣಿ) ಇಲ್ಲದ ಗೋಡೆಯನ್ನು ನೆತ್ತಿ ಬಿಟ್ಟುಕೊಂಡು ನಿಲ್ಲಿಸಬೇಕಾ? ಮಲೆನಾಡಿನಲ್ಲಿ ಕೆಲಸ ನಿಲ್ಲಿಸಲು ಎರಡೇ ಜಾಗ. ಒಂದು ಪ್ಲಿಂತ್, ಇನ್ನೊಂದು ಮಾಡು ಮುಚ್ಚಿದ ಮೇಲೆ.

ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ, ಅದೂ ಸ್ವಂತ ಮನೆಗೆ. ಮೇ ತಿಂಗಳಲ್ಲಿ ಹಟ ಹಿಡಿದು ಹಿತ್ತಲ ಮನೆಯ ಗೋಡೆಯನ್ನು ಹಾಲೋ ಬ್ಲಾಕ್‌ನಲ್ಲಿ ಲಿಂಟಲ್‌ವರೆಗೆ ಏರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಬಂದೆ. ಮೊದಲ ಗಾಳಿಗೇ ಪ್ಲಾಸ್ಟಿಕ್ ತೋಟದಲ್ಲಿತ್ತಂತೆ. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಗೋಡೆಯೆಲ್ಲ ಪಾಚಿ, ಬ್ಲಾಕಿನ ತೂತಿನಲ್ಲಿ ಜರಿಗಿಡ. ಕೆಳಗಿನ ಸಾಲಿಗೆ ಡ್ರಿಲ್ ಹಾಕಿದೆವು ನೋಡಿ, ಬ್ಲಾಕಿನ ಹೊಟ್ಟೆಯೊಳಗೆ ತುಂಬಿದ್ದ ನೀರು ಎರಡು ದಿನ ಸೋರಿತು. ಆ ಗೋಡೆಗೆ ಗಾರೆ ಮಾಡಿ ಬಣ್ಣ ಹೊಡೆದ ಮೇಲೂ ಬಿಳಿ ಉಪ್ಪು ಉಕ್ಕುವುದು ಒಂದು ವರ್ಷ ನಿಲ್ಲಲಿಲ್ಲ. ಮನೆಯವಳು ಇವತ್ತಿಗೂ ಅದನ್ನು 'ಇಂಜಿನಿಯರ್ ಗೋಡೆ' ಅಂತ ಕರೆಯುತ್ತಾಳೆ.

ಈಗ ನಿಮ್ಮ ಕೋಣೆ. ಬೆಲ್ಟ್ ಆಗಿರುವುದರಿಂದ ಒಳಗೆ ಕೆಂಪು ಗೊಚ್ಚು ಮಣ್ಣು ತುಂಬಿ, ಒಂದೇ ಸಲ ಟಿಪ್ಪರ್ ಸುರಿಸದೆ ಅರ್ಧ ಅಡಿ ಅರ್ಧ ಅಡಿಯಾಗಿ ಹಾಕಿ ದಮ್ಮಸ್ಸು ಹೊಡೆಸಿ. ಹೀಗೆ ತುಂಬಿ ಒಂದು ಮಳೆಗಾಲ ಬಿಟ್ಟರೆ ಉಳಿದದ್ದನ್ನು ಮಳೆಯೇ ಕೂರಿಸುತ್ತದೆ. ನೆಲದ ಕಾಂಕ್ರೀಟ್ ಮಾತ್ರ ಈಗ ಬೇಡ. ಮಣ್ಣು ಕೂರುವ ಮೊದಲೇ ಟೈಲ್ಸ್ ಹಾಕಿದವರ ಮನೆಯಲ್ಲಿ ಬೆರಳ ಗಂಟಿನಿಂದ ನೆಲ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಮೇಲೆದ್ದು ನಿಂತ ಕಬ್ಬಿಣದ ಸರಳುಗಳಿಗೆ ಸಿಮೆಂಟ್ ಹಾಲು ಬಳಿದುಬಿಡಿ. ತೆಳ್ಳಗೆ ತುಕ್ಕು ಹಿಡಿದರೆ ಗಾಬರಿ ಬೇಡ, ಪದರ ಪದರ ಏಳುವ ತುಕ್ಕಾದರೆ ಮುಂದೆ ವೈರ್ ಬ್ರಶ್‌ನಲ್ಲಿ ಉಜ್ಜಿ ತೆಗೆಸಬೇಕು.

ನನಗೆ ನಿಜವಾಗಿ ಹೆದರಿಕೆಯಾಗಿದ್ದು ಬೇರೆ ವಿಷಯಕ್ಕೆ. ನೀವು ಅದನ್ನು ಕೇಳಿಯೇ ಇಲ್ಲ! ಇಷ್ಟು ವರ್ಷ ಅಡುಗೆಮನೆ ಕಡೆಯ ಹಂಚಿನ ನೀರು ಅಂಗಳಕ್ಕೆ ಬಿದ್ದು ಹರಿದು ಹೋಗುತ್ತಿತ್ತು. ಈಗ ಅದೇ ಜಾಗದಲ್ಲಿ ಹೊಸ ಪ್ಲಿಂತ್ ಕಟ್ಟೆಯ ಹಾಗೆ ಅಡ್ಡ ನಿಂತಿದೆ. ಮಾಡಿನ ನೀರು ಅದರ ಮೇಲೆ ಬಿದ್ದು ವಾಪಸ್ ಬರುವುದು ಎಲ್ಲಿಗೆ? ನಿಮ್ಮ ಮಣ್ಣಿನ ಗೋಡೆಯ ಬುಡಕ್ಕೆ. ಮಣ್ಣಿನ ಗೋಡೆ ಒಣಗಿದ್ದರೆ ನೂರು ವರ್ಷ ನಿಲ್ಲುತ್ತದೆ, ಬುಡ ನೆನೆದರೆ ಒಂದು ಆಶ್ಲೇಷ ಸಾಕು. ಹಾಗಾಗಿ ತುಂಬಿದ ಮಣ್ಣಿಗೆ ಹಳೆ ಗೋಡೆಯಿಂದ ಹೊರಗೆ ಇಳಿಜಾರು ಕೊಡಿ, ಆ ಬದಿಯ ಸೂರಿಗೆ ಇವತ್ತೇ ದಂಬೆ (ಮಾಡಿನ ನೀರು ಹಿಡಿದು ಸಾಗಿಸುವ ದೋಣಿ) ಕಟ್ಟಿಸಿ. ತಗಡಿನದಾದರೂ ಸರಿ, ಅಡಿಕೆ ಮರದ್ದಾದರೂ ಸರಿ. ಗೋಡೆಗೆ ಸೋಗೆ ತಟ್ಟಿಯನ್ನೂ ಕಟ್ಟಿ. ಅತ್ತೆಯವರಿದ್ದರೆ ಹೇಗೆ ಕಟ್ಟುವುದೆಂದು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹಿತ್ತಲ ಮನೆಯ ಗುಂಡಿಯನ್ನು ಮಾತ್ರ ತೆರೆದು ಬಿಡಬೇಡಿ. ಈ ವಾರದಲ್ಲಿ ಸೈಜುಗಲ್ಲು ಕಟ್ಟಿ ನೆಲಮಟ್ಟಕ್ಕೆ ತರಲು ಆಗುವುದಾದರೆ ಕಟ್ಟಿಸಿ, ಮೊದಲು ತಳದ ಕೆಸರನ್ನು ಗಟ್ಟಿ ಮಣ್ಣು ಸಿಗುವವರೆಗೆ ತೆಗೆಸಿ. ಆಗದಿದ್ದರೆ ಮುಚ್ಚಿಸಿ. ಅಗೆದ ದುಡ್ಡು ಹೋಯಿತು ಅನ್ನಿಸುತ್ತದೆ, ಆದರೆ ಜುಲೈನಲ್ಲಿ ಬದಿ ಕುಸಿದರೆ ಎರಡಡಿ ಗುಂಡಿ ನಾಲ್ಕಡಿಯಾಗುತ್ತದೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿಯಾಗಿದ್ದರೆ ಅದಕ್ಕೆ ನೀರು ತುಂಬಿಸಿಡಿ. ಸುತ್ತ ಅಂತರ್ಜಲ ಏರಿದಾಗ ಖಾಲಿ ಟ್ಯಾಂಕ್ ದೋಣಿಯ ಹಾಗೆ ಮೇಲೇಳುತ್ತದೆ. ಟ್ಯಾಂಕಿನ ನೀರು ಇಂಗುವ ಗುಂಡಿ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 60 ಅಡಿಗಿಂತ ಹತ್ತಿರ ಇರಬಾರದು, ಅದನ್ನೂ ಅಳೆದುಬಿಡಿ.

ಮೇಸ್ತ್ರಿಯ ಮೇಲೆ ಕೋಪ ಬೇಡ. ಅವನ ಆಳುಗಳು ಬಿತ್ತನೆಗೆ ಊರಿಗೆ ಹೊರಡುವವರಿರಬಹುದು, ಅದರೊಳಗೆ ಗೋಡೆಯ ಬಿಲ್ ಮಾಡಿಕೊಂಡರೆ ಅವನಿಗೆ ಅನುಕೂಲ. ಆಗಿರುವ ಕೆಲಸ ಅಳೆದು ಲೆಕ್ಕ ಚುಕ್ತಾ ಮಾಡಿ, ಸ್ವಾತಿ ಮಳೆ ಕಳೆದ ಮೇಲೆ ಬಾ ಅನ್ನಿ. ಸ್ವಲ್ಪ ಅಡ್ವಾನ್ಸ್ ಕೊಟ್ಟಿಟ್ಟರೆ ಬರುತ್ತಾನೆ. ಜಾಸ್ತಿ ಕೊಟ್ಟರೆ ಬರುವುದಿಲ್ಲ.

ಪ್ರಶ್ನೆ: ಹಿತ್ತಲ ಗೆಸ್ಟ್ ಹೌಸಿನ ತಾರಸಿಗೆ ಭಾನುವಾರ ಕಾಂಕ್ರೀಟ್ ಹಾಕಿದೆವು. ಮುಗಿದಾಗ ಮಧ್ಯಾಹ್ನ ಮೂರು, ನಾಲ್ಕೂವರೆಗೆ ಅರ್ಧ ಗಂಟೆ ಜಡಿಮಳೆ. ಮೇಸ್ತ್ರಿ ಮೇಲೆ ಸಿಮೆಂಟ್ ಪುಡಿ ಉದುರಿಸಿ ಕರಣೆ ಎಳೆದ. ನೋಡಿದವರೆಲ್ಲ 'ಒಡೆಸಿಬಿಡಿ' ಅಂತಾರೆ. ನಿದ್ದೆ ಬರುತ್ತಿಲ್ಲ ಸಾರ್. (ಸುಳ್ಯ)

ಉತ್ತರ: ನಿದ್ದೆ ಮಾಡಿ. ಒಂದೂವರೆ ಗಂಟೆ ಕಳೆದಿದ್ದರಿಂದ ಕಾಂಕ್ರೀಟ್ ಸ್ವಲ್ಪ ಬಿಗಿದಿರುತ್ತದೆ, ಅಂಥ ಮಳೆ ಸಾಮಾನ್ಯವಾಗಿ ತೊಳೆಯುವುದು ಮೇಲಿನ ತೆಳು ಪದರವನ್ನು ಮಾತ್ರ. ಪುಡಿ ಉದುರಿಸಿದ್ದೇ ತಪ್ಪು, ಅದು ಹಪ್ಪಳದ ಹಾಗೆ ಏಳುತ್ತದೆ. ಒಂದು ಮೊಳೆ ತೆಗೆದುಕೊಂಡು ತಾರಸಿ ಹತ್ತಿ, ಅಲ್ಲಲ್ಲಿ ಗೀರಿ ನೋಡಿ. ಬಿಳಿ ಗೆರೆ ಮಾತ್ರ ಮೂಡಿದರೆ ಒಳ್ಳೆಯದು. ಮರಳು ಉದುರಿದರೆ ಆ ಜಾಗವನ್ನು ಗಟ್ಟಿ ಸಿಗುವವರೆಗೆ ಕೆರೆಸಿ, ಮುಂದೆ ವಾಟರ್‌ಪ್ರೂಫಿಂಗ್ ಮಾಡುವಾಗ ಇಳಿಜಾರು ಕೊಟ್ಟು ಮುಚ್ಚಿಸಿದರಾಯಿತು. ನೀರು ಮಡುಗಟ್ಟಿದ್ದ ಮೂಲೆಗಳನ್ನು ಮುಖ್ಯವಾಗಿ ನೋಡಿ. ಎಲ್ಲಾದರೂ ಒಂದಿಂಚಿಗಿಂತ ಆಳಕ್ಕೆ ಜಲ್ಲಿ ಸಡಿಲವಾಗಿದ್ದರೆ ಆಗ ಸುಮ್ನೆ ಕೂರಬೇಡಿ, ಸ್ಥಳೀಯ ಸಿವಿಲ್ ಇಂಜಿನಿಯರ್ ಕರೆಸಿ ಹ್ಯಾಮರ್ ಟೆಸ್ಟ್ (ಕಾಂಕ್ರೀಟಿನ ಗಟ್ಟಿತನ ನೋಡುವ ಪರೀಕ್ಷೆ) ಮಾಡಿಸಿ.

ಮಳೆ ಬರುತ್ತಿದೆ, ಕ್ಯೂರಿಂಗ್ ಯಾಕೆ ಅನ್ನಬೇಡಿ. ಎರಡು ಮಳೆಯ ನಡುವೆ ಬಿಸಿಲು ಬಿದ್ದರೆ ಒಣಗಿಬಿಡುತ್ತದೆ. ಕಟ್ಟೆ ಕಟ್ಟಿ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಿ. ಇನ್ನು ಸೆಂಟ್ರಿಂಗ್, ಅಂದರೆ ತಾರಸಿಗೆ ಕೆಳಗಿನಿಂದ ಕೊಟ್ಟ ಶೀಟು, ಕಂಬಗಳ ಆಸರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ತಾರಸಿಯ ಊರುಗಂಬ ತೆಗೆಯಲು 7 ದಿನ, ಅದಕ್ಕಿಂತ ಅಗಲವಿದ್ದರೆ 14. ಆದರೆ ಅದು ಸಾದಾ ಸಿಮೆಂಟಿನ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ನಿಧಾನಕ್ಕೆ ಗಟ್ಟಿಯಾಗುತ್ತದೆ, ಈ ತಂಪಿಗೆ ಇನ್ನೂ ನಿಧಾನ. 21 ದಿನ ಬಿಡಿ. ಶೀಟಿನ ಬಾಡಿಗೆ ಏರುತ್ತದೆ, ಏರಲಿ.

ಮಳೆಗೆ ನೆನೆದ ಮರಳಿನಲ್ಲಿ ಮೊದಲೇ ನೀರಿರುತ್ತದೆ ಅನ್ನುವುದನ್ನು ಮಿಕ್ಸರ್ ನಡೆಸುವವರು ಮರೆಯುತ್ತಾರೆ. 50 ಕೆ.ಜಿ. ಸಿಮೆಂಟ್ ಚೀಲಕ್ಕೆ 25 ಲೀಟರ್ ನೀರು ಅಂದರೆ ಮರಳಲ್ಲಿರುವ ನೀರೂ ಸೇರಿಯೇ. ಪೋರ್ಟಿಕೋ ಬಾಕಿ ಇದ್ದರೆ ಅದಕ್ಕಾದರೂ ಟಾರ್ಪಾಲನ್ನು ಗಳುಗಳ ಮೇಲೆ ಇಳಿಜಾರಾಗಿ ಕಟ್ಟಿಸಿ, ಹಸಿ ಕಾಂಕ್ರೀಟಿನ ಮೇಲೆ ಹಾಸಬೇಡಿ.

ಪ್ರಶ್ನೆ: ಹಳೆ ಮನೆಗೆ ಮೂರು ವರ್ಷದ ಹಿಂದೆ ಸೇರಿಸಿದ ಕೋಣೆ ಕೂಡುವಲ್ಲಿ ಪ್ರತಿ ವರ್ಷ ಬಿರುಕು, ಪ್ರತಿ ಮಳೆಗಾಲ ಸೋರಿಕೆ. ಮೂರು ಸಲ ಸಿಮೆಂಟ್ ತುಂಬಿಸಿದೆ. (ಶಿರಸಿ)

ಉತ್ತರ: ನಾಲ್ಕನೇ ಸಲ ತುಂಬಿಸಬೇಡಿ. ಹಳೆ ಮನೆ ಎಷ್ಟು ಕೂರಬೇಕೋ ಅಷ್ಟು ಕೂತಾಗಿದೆ, ಹೊಸದು ಇನ್ನೂ ಕೂರುತ್ತಿದೆ. ಎರಡನ್ನೂ ಅಂಟಿಸಲು ಹೋದಷ್ಟೂ ಅದು ಬಿಟ್ಟುಕೊಳ್ಳುತ್ತದೆ. ಬಿರುಕಿನ ಜಾಗದಲ್ಲೇ ಮುಕ್ಕಾಲಿಂಚು ನೇರ ಸಂದು ಬಿಡಿಸಿ, ಒಳಗೆ ಫೋಮ್ ತುರುಕಿ, ಹೊರಬಾಯಿಗೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ಹಾಕಿಸಿ. ಮೇಲಿನಿಂದ ಅಲ್ಯೂಮಿನಿಯಂ ತಗಡಿನ ಪಟ್ಟಿ ಮುಚ್ಚಬೇಕು. ಅದಕ್ಕೆ ಸ್ಕ್ರೂ ಒಂದೇ ಬದಿಗೆ, ಎತ್ತರವಿರುವ ಗೋಡೆಗೆ ಮಾತ್ರ. ಎರಡೂ ಕಡೆ ಬಿಗಿದರೆ ತಗಡೇ ಹರಿಯುತ್ತದೆ. ಇದು ಒಣಗಿದ ಮೇಲೆ ಮಾಡುವ ಕೆಲಸ, ಈ ಮಳೆಗಾಲಕ್ಕೆ ಬಕೆಟ್ಟೇ ಗತಿ.

ಪ್ರಶ್ನೆ: ಕೆಲಸ ನಿಂತಿದೆ, 40 ಚೀಲ ಸಿಮೆಂಟ್ ಉಳಿದಿದೆ. ದೀಪಾವಳಿವರೆಗೆ ಇಡಬಹುದಾ? (ಸಾಗರ)

ಉತ್ತರ: ಬೇಡ. ಚೆನ್ನಾಗಿ ಇಟ್ಟರೂ ಮೂರು ತಿಂಗಳಿಗೆ ಐದರಲ್ಲೊಂದು ಪಾಲು ಬಲ ಹೋಗುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ, ಮಲೆನಾಡಿನ ಥಂಡಿಯಲ್ಲಿ ಅಷ್ಟು ದಿನವೂ ಬೇಕಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳದಿದ್ದರೆ ಮಾಡಿನ ಕೆಳಗೆ ಗಾರೆ ಕೆಲಸ ನಡೆಸುತ್ತಿರುವ ನೆರೆಯವರಿಗೆ ಕೈಗಡ ಕೊಡಿ, ನವೆಂಬರ್‌ನಲ್ಲಿ ಹೊಸ ಚೀಲ ವಾಪಸ್ ಇಸಿದುಕೊಳ್ಳಿ. ಇಡಲೇಬೇಕೆಂದರೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚಿಲ್ಲದ ಹಾಗೆ ಪೇರಿಸಿ ಪ್ಲಾಸ್ಟಿಕ್ ಹೊದಿಸಿ. ತೆಗೆದಾಗ ಗಂಟು ಬೆರಳಲ್ಲಿ ಹಿಚುಕಿದರೆ ಪುಡಿಯಾದರೆ ಅಂಗಳದ ಕಟ್ಟೆಗೆ ಬಳಸಬಹುದು, ತಾರಸಿಗೆ ಬೇಡ. ಚೀಲ ಇಡಿಯಾಗಿ ಕಲ್ಲಾಗಿದ್ದರೆ ಬಟ್ಟೆ ಒಗೆಯಲು ಅಡ್ಡಿಯಿಲ್ಲ.