ಟ್ರೌಟ್ ಫ್ಲೈಯ ನಾಜೂಕು ಕೆಡದಂತೆ, ಬಾಳಿಕೆಯೂ ಬರುವಂತೆ ಕಟ್ಟುವುದು ಹೇಗೆ?

ಟ್ರೌಟ್ ಮೀನನ್ನು ಸೆಳೆಯಲು ಗಾಳಕ್ಕೆ ದಾರ, ಗರಿಗಳಿಂದ ಕಟ್ಟುವ ಹುಳುವಿನಂಥ ಫ್ಲೈಯನ್ನು ತೆಳ್ಳಗೆ ಕಟ್ಟಿದರೆ ಎರಡು ಮೂರು ಮೀನಿಗೇ ಬಿಚ್ಚಿಕೊಳ್ಳುತ್ತದೆ, ಬಿಚ್ಚದಿರಲೆಂದು ದಾರವನ್ನೂ ಅಂಟನ್ನೂ ಹೆಚ್ಚಿಸಿದರೆ ದಪ್ಪವಾಗಿ ಮೀನು ಹತ್ತಿರವೂ ಸುಳಿಯುವುದಿಲ್ಲ, ಇದಕ್ಕೇನು ಪರಿಹಾರ ಎಂದು ನೀವು ಕೇಳಿದ್ದೀರಿ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೆಲೆಸಿ, ವಾರ್ಫ್ ನದಿಯಲ್ಲಿ ಕಂದು ಟ್ರೌಟ್‌ಗೆ ಗಾಳ ಹಾಕುವ ನಾನು ಈ ತೊಡಕನ್ನು ಹಲವು ಋತುಗಳ ಕಾಲ ಅನುಭವಿಸಿದ್ದೇನೆ. ಆದ್ದರಿಂದ ಈ ಸೀಮೆಯದೇ ಹಳೆಯ ಫ್ಲೈ ಒಂದನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಆ ಫ್ಲೈಯ ಹೆಸರು ಪಾರ್ಟ್ರಿಜ್ ಅಂಡ್ ಆರೆಂಜ್. 14ನೇ ಅಳತೆಯ ಗಾಳದ ಕಡ್ಡಿಗೆ ಕಿತ್ತಳೆ ಬಣ್ಣದ ರೇಷ್ಮೆಯನ್ನು ತೆಳುವಾಗಿ ಸುತ್ತಿ, ಕೊರಳಿನ ಜಾಗದಲ್ಲಿ ಕವುಜುಗ ಹಕ್ಕಿಯ ಚುಕ್ಕೆಗಳಿರುವ ಕಂದು ಗರಿಯನ್ನು ಎರಡು ಸುತ್ತು ಹಾಕಿದರೆ ಮುಗಿಯಿತು. ಹರಿವಿನಲ್ಲಿ ಆ ಗರಿಯ ಮೆತ್ತನೆಯ ಎಳೆಗಳು ಮುಚ್ಚಿ ತೆರೆಯುತ್ತಾ, ನೀರಿನಿಂದ ಮೇಲೇಳಲು ಒದ್ದಾಡುವ ಹುಳುವಿನ ಕಾಲುಗಳಂತೆ ಆಡುತ್ತವೆ. ಮೀನನ್ನು ಸೆಳೆಯುವುದು ಈ ಆಟವೇ. ಹೀಗಾಗಿ ಇಲ್ಲಿ ಒಂದು ಸುತ್ತು ಹೆಚ್ಚಾದರೂ ಫ್ಲೈಯ ಜೀವ ಹೋಗುತ್ತದೆ.

ಮೊದಮೊದಲು ನಾನೂ ನಿಮ್ಮಂತೆಯೇ ಬಾಳಿಕೆ ಎಂದರೆ ಮೇಲಿನಿಂದ ಸೇರಿಸುವ ವಸ್ತು ಎಂದು ತಿಳಿದು, ತಲೆಯ ಭಾಗದಲ್ಲಿ ಹತ್ತು ಹನ್ನೆರಡು ಸುತ್ತು ದಾರ ಹಾಕಿ, ಅದರ ಮೇಲೆ ವಾರ್ನಿಷ್ ಬಳಿಯುತ್ತಿದ್ದೆ. ತಲೆ ಮೆಣಸಿನ ಕಾಳಿನಂತೆ ಉಬ್ಬುತ್ತಿತ್ತು, ವಾರ್ನಿಷ್ ಗರಿಯ ಬುಡಕ್ಕೆ ಇಳಿದು ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಇಷ್ಟಾದರೂ ಗರಿ ಕಿತ್ತುಬರುವುದು ಮಾತ್ರ ನಿಲ್ಲಲಿಲ್ಲ. ಗರಿಯನ್ನು ಹಿಡಿದಿಡುವುದು ಸುತ್ತುಗಳ ಸಂಖ್ಯೆಯಲ್ಲ, ಪ್ರತಿಯೊಂದು ಸುತ್ತಿನ ಬಿಗಿ ಮತ್ತು ಸುತ್ತುಗಳ ಕ್ರಮ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಬಿಗಿಯ ವಿಷಯವನ್ನು ಮೊದಲು ಹೇಳುತ್ತೇನೆ. ನಿಮ್ಮ ದಾರ ಎಷ್ಟು ಎಳೆತವನ್ನು ತಾಳುತ್ತದೆ ಎಂಬುದನ್ನು ಕೈಯೇ ಕಲಿಯಬೇಕು. ಖಾಲಿ ಗಾಳವನ್ನು ವೈಸಿಗೆ, ಅಂದರೆ ಗಾಳವನ್ನು ಅಲುಗದಂತೆ ಹಿಡಿಯುವ ಹಿಡಿಕೆಗೆ ಸಿಕ್ಕಿಸಿ, ಐದಾರು ಸುತ್ತು ಹಾಕಿ, ದಾರ ಕಡಿಯುವವರೆಗೂ ನಿಧಾನವಾಗಿ ಎಳೆಯಿರಿ. ಹೀಗೆ ಹತ್ತು ಬಾರಿ ಬೇಕೆಂದೇ ಕಡಿದ ಮೇಲೆ, ಕಡಿಯುವುದಕ್ಕೆ ಸ್ವಲ್ಪ ಮುಂಚಿನ ಬಿಗಿ ಯಾವುದೆಂದು ಬೆರಳಿಗೆ ಗೊತ್ತಾಗುತ್ತದೆ. ಆ ಬಿಗಿಯಲ್ಲಿ ಹಾಕಿದ ಮೂರು ಸುತ್ತುಗಳು ಸಡಿಲವಾದ ಹತ್ತಕ್ಕಿಂತ ಭದ್ರ. ದಾರದ ದಪ್ಪವನ್ನು ಡೆನಿಯರ್‌ನಲ್ಲಿ, ಅಂದರೆ 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಣ್ಣ ಫ್ಲೈಗಳಿಗೆ 70 ಡೆನಿಯರ್ ಅಥವಾ ಅದಕ್ಕಿಂತ ತೆಳುವಾದ ದಾರ ಸಾಕು. ರೇಷ್ಮೆಯಾದರೆ ಮೇಣ ಸವರಿಕೊಳ್ಳುವುದನ್ನು ಮರೆಯಬೇಡಿ, ಏಕೆಂದರೆ ಮೇಣವು ಒಂದು ಸುತ್ತು ಜಾರದಂತೆ ಮುಂದಿನ ಸುತ್ತು ಬರುವವರೆಗೆ ಹಿಡಿದಿಡುತ್ತದೆ.

ಇನ್ನು ಕ್ರಮದ ವಿಷಯ. ನನ್ನ ಫ್ಲೈಗಳ ಆಯುಸ್ಸನ್ನು ನಿಜವಾಗಿ ಹೆಚ್ಚಿಸಿದ್ದು ಇದು. ಹೆಚ್ಚಿನವರು ದೇಹವನ್ನು ಮುಗಿಸಿ, ಕೊನೆಯಲ್ಲಿ ಗರಿಯನ್ನು ಗಾಳದ ಕಣ್ಣಿನ, ಅಂದರೆ ನೂಲು ಕಟ್ಟುವ ತೂತಿನ ಕಡೆಗೆ ಸುತ್ತಿ, ಅದರ ತುದಿಯನ್ನು ಕಣ್ಣಿನ ಹಿಂದೆಯೇ ಕಟ್ಟುತ್ತಾರೆ. ಆಗ ಗರಿಯ ನಡುಕಡ್ಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಮೀನಿನ ಹಲ್ಲು ಅದನ್ನು ಒಂದು ಕಡೆ ಕತ್ತರಿಸಿದರೂ ಗರಿ ಪೂರ್ತಿ ಬಿಚ್ಚುತ್ತದೆ. ಇದರ ಬದಲು ಗರಿಯನ್ನು ಮೊದಲೇ ಕಣ್ಣಿನ ಹಿಂದೆ ಬುಡದಿಂದ ಕಟ್ಟಿ, ತುದಿ ಕಣ್ಣಿನಿಂದಾಚೆಗೆ ಮುಂದಕ್ಕೆ ಚಾಚಿರುವಂತೆ ಬಿಡಿ. ರೇಷ್ಮೆಯನ್ನು ಗಾಳದ ಮೊನೆಯ ನೇರದವರೆಗೆ ಹಿಂದಕ್ಕೆ ಸುತ್ತಿ ದೇಹವನ್ನು ಮಾಡಿಕೊಂಡು, ಮರಳಿ ಬಂದು, ಗರಿ ಕಟ್ಟಿದ ಜಾಗಕ್ಕಿಂತ ಸ್ವಲ್ಪ ಹಿಂದೆ ದಾರವನ್ನು ಇಳಿಬಿಡಿ. ಈಗ ಗರಿಯನ್ನು ಕಣ್ಣಿನಿಂದ ಹಿಂದಕ್ಕೆ, ದಾರದ ಕಡೆಗೆ ಎರಡು ಸುತ್ತು ತಂದು, ಅದರ ತುದಿಯನ್ನು ದಾರದಿಂದ ಹಿಡಿಯಿರಿ. ಆಮೇಲೆ ದಾರವನ್ನು ಗರಿಯ ಎಳೆಗಳ ನಡುವೆ ಅತ್ತಿತ್ತ ಆಡಿಸುತ್ತಾ, ಒಂದು ಎಳೆಯೂ ಮಲಗದಂತೆ ಕಣ್ಣಿನವರೆಗೆ ತಂದು, ನಾಲ್ಕು ಸುತ್ತಿನ ವಿಪ್ ಫಿನಿಶ್, ಅಂದರೆ ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಗೆ ಎಳೆದು ಮುಗಿಸುವ ಗಂಟು ಹಾಕಿ. ದಾರವು ನಡುಕಡ್ಡಿಯ ಪ್ರತಿ ಸುತ್ತನ್ನೂ ಅಡ್ಡಲಾಗಿ ದಾಟಿ ಅದುಮಿ ಹಿಡಿದಿರುತ್ತದೆ. ದಾರ ಹೆಚ್ಚಾಗಿಲ್ಲ, ತಲೆ ಮೊದಲಿಗಿಂತ ಚಿಕ್ಕದಾಗಿದೆ, ಗರಿ ಮಾತ್ರ ಸುಲಭಕ್ಕೆ ಜಗ್ಗುವುದಿಲ್ಲ.

ಇದು ಹೊಸ ಯೋಚನೆಯೇನೂ ಅಲ್ಲ. ಸ್ಕಾಟ್ಲೆಂಡಿನ ಗಾಳಗಾರ ಡಬ್ಲ್ಯೂ. ಸಿ. ಸ್ಟೂವರ್ಟ್ 1857ರಲ್ಲೇ, ಗರಿಯನ್ನೂ ರೇಷ್ಮೆಯನ್ನೂ ಒಟ್ಟಿಗೆ ಹೊಸೆದು ಸುತ್ತಿದರೆ ಮೆತ್ತನೆಯ ಗರಿಯೂ ಮೀನಿನ ಹಲ್ಲಿಗೆ ತಡೆಯುತ್ತದೆ ಎಂದು ಬರೆದಿದ್ದ. ಒಂಟಿ ಎಳೆ ಕಡಿಯುತ್ತದೆ, ಹೊಸೆದರೆ ನಿಲ್ಲುತ್ತದೆ ಎಂಬುದು ತೆಂಗಿನ ನಾರಿನ ಹಗ್ಗವನ್ನು ಕಂಡ ನಮಗೆ ಬಿಡಿಸಿ ಹೇಳಬೇಕಾದದ್ದಲ್ಲ. ನವಿಲುಗರಿಯ ಎಳೆಗಳಿಂದ ದೇಹ ಮಾಡುವಾಗಲೂ ನಾನು ಅವನ್ನು ದಾರದೊಂದಿಗೆ ಹೊಸೆದೇ ಸುತ್ತುತ್ತೇನೆ, ಏಕೆಂದರೆ ಹಾಗೇ ಸುತ್ತಿದ ನವಿಲಿನ ಎಳೆಯಷ್ಟು ಬೇಗ ಹರಿಯುವ ವಸ್ತು ಈ ಕೆಲಸದಲ್ಲಿ ಬೇರೆ ಇಲ್ಲ.

ಟ್ರೌಟ್‌ಗೆ ದವಡೆಯಲ್ಲಷ್ಟೇ ಅಲ್ಲದೆ ಅಂಗುಳಿನಲ್ಲೂ ನಾಲಗೆಯ ಮೇಲೂ ಹಲ್ಲುಗಳಿರುವುದರಿಂದ ರೇಷ್ಮೆಯ ದೇಹಕ್ಕೂ ಅಪಾಯ ತಪ್ಪಿದ್ದಲ್ಲ. ಅದಕ್ಕೆ ಅತಿ ಸಣ್ಣ ಬಂಗಾರದ ಬಣ್ಣದ ತಂತಿಯನ್ನು ರೇಷ್ಮೆ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ, ದೂರ ದೂರ ನಾಲ್ಕೈದು ಸುತ್ತು ಹಾಕಿದರೆ ಸಾಕು. ಒಂದೇ ದಿಕ್ಕಿಗೆ ಸುತ್ತಿದರೆ ತಂತಿ ಎಳೆಗಳ ಸಂದಿಗೆ ಇಳಿದುಹೋಗುತ್ತದೆ; ವಿರುದ್ಧವಾದರೆ ಪ್ರತಿಯೊಂದು ಎಳೆಯನ್ನೂ ದಾಟಿ ಕಾಯುತ್ತದೆ. ವಿಲ್ಟ್‌ಷೈರಿನ ಏವನ್ ನದಿಯ ಪಾಲಕನಾಗಿದ್ದ ಫ್ರಾಂಕ್ ಸಾಯರ್ ನೀರೊಳಗಿನ ಮರಿಹುಳುವನ್ನು ಹೋಲುವ ತನ್ನ ಫೆಸೆಂಟ್ ಟೇಲ್ ನಿಂಫ್ ಎಂಬ ಫ್ಲೈಯಲ್ಲಿ ದಾರವನ್ನೇ ಬಿಟ್ಟು, ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ತಾಮ್ರದ ತಂತಿಯಿಂದಲೇ ಕಟ್ಟಿದ. ಮುಳುಗಲು ಬೇಕಾದ ತೂಕ, ಹಿಡಿತ, ಒಳಗಿನಿಂದ ಇಣುಕುವ ಕೆಂಪು ಹೊಳಪು, ಮೂರೂ ಒಂದೇ ತಂತಿಯಿಂದ ಬಂದವು. ನಾಜೂಕನ್ನೂ ಬಾಳಿಕೆಯನ್ನೂ ಇಷ್ಟು ಚೆನ್ನಾಗಿ ಕೂಡಿಸಿದ ಇನ್ನೊಂದು ಫ್ಲೈಯನ್ನು ನಾನು ಕಂಡಿಲ್ಲ.

ಅಂಟನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ, ಅದು ಹೊರಗೆ ಕಾಣದಂತೆ ಒಳಗಿರಲಿ ಎನ್ನುತ್ತಿದ್ದೇನೆ. ನವಿಲಿನ ಎಳೆ ಸುತ್ತುವ ಮುನ್ನ ಗಾಳದ ಕಡ್ಡಿಗೆ ತೆಳುವಾಗಿ ವಾರ್ನಿಷ್ ಸವರಿ, ಹಸಿಯಿರುವಾಗಲೇ ಸುತ್ತಿ. ತಲೆಗೆ ಸೂಜಿಯ ತುದಿಯಿಂದ ನೀರಿನಂಥ ವಾರ್ನಿಷಿನ ಒಂದು ಚುಕ್ಕೆ ಸಾಕು. ಆದರೆ ಕವುಜುಗದ ಗರಿಯ ಎಳೆಗಳಿಗೂ, ತೇಲುವ ಫ್ಲೈಗಳಿಗೆ ಬಳಸುವ ಸಿಡಿಸಿ, ಅಂದರೆ ಬಾತುಕೋಳಿಯ ಬಾಲದ ಬುಡದ ಮೆತ್ತನೆಯ ಗರಿಗೂ ಅಂಟು ತಾಗಲೇಬಾರದು. ಎಳೆಗಳ ನಡುವೆ ಗಾಳಿಯನ್ನು ಹಿಡಿದುಕೊಂಡು ತೇಲುವ ಸಿಡಿಸಿ, ಅಂಟು ಸೋಕಿದೊಡನೆ ನೆನೆದ ಹತ್ತಿಯಂತಾಗುತ್ತದೆ. ಗರಿಯ ಎಳೆಗಳು ಒಂದೆರಡು ಉದುರಿದರೆ ಉದುರಲಿ, ಎಳೆ ವಿರಳವಾದ ಫ್ಲೈಗೆ ಹೊಸತಕ್ಕಿಂತ ಹೆಚ್ಚು ಮೀನು ಬಂದ ಸಂಜೆಗಳನ್ನು ನಾನು ಕಂಡಿದ್ದೇನೆ.

ಕಟ್ಟುವುದರ ಆಚೆಗೂ ಒಂದು ಕಾರಣವಿದೆ. ನನ್ನ ಅನುಭವದಲ್ಲಿ ಮೀನಿನ ಹಲ್ಲಿನಷ್ಟೇ ಫ್ಲೈಗಳನ್ನು ಕೆಡಿಸುವುದು ಗಾಳ ಬಿಡಿಸುವ ಇಕ್ಕಳ. ಮುಳ್ಳಿಲ್ಲದ ಗಾಳಕ್ಕೆ ಕಟ್ಟಿದರೆ ಅದು ಬೆರಳಿನಿಂದಲೇ ಕಳಚಿಕೊಳ್ಳುತ್ತದೆ, ನೀರಿಗೆ ಮರಳಿ ಬಿಡುವ ಮೀನಿಗೂ ಗಾಯ ಕಡಿಮೆ. ಇಕ್ಕಳ ಬೇಕೇ ಆದಲ್ಲಿ ಗಾಳದ ಬಾಗನ್ನು ಹಿಡಿಯಿರಿ, ದೇಹವನ್ನಲ್ಲ.

ಮುಂದಿನ ಫ್ಲೈಯನ್ನು ಕಟ್ಟಿದ ಮೇಲೆ ಒಂದು ಲೋಟ ನೀರಿನಲ್ಲಿ ಅದ್ದಿ, ಬೆರಳುಗಳ ನಡುವೆ ಗಟ್ಟಿಯಾಗಿ ಉಜ್ಜಿ, ಮತ್ತೆ ನೀರಿಗೆ ಹಾಕಿ ನಿಧಾನವಾಗಿ ಎಳೆದು ನೋಡಿ. ಎಳೆಗಳು ಇನ್ನೂ ಮುಚ್ಚಿ ತೆರೆಯುತ್ತಿದ್ದು, ಸುತ್ತುಗಳು ಕದಲದಿದ್ದರೆ ಅದನ್ನು ನದಿಗೆ ಒಯ್ಯಬಹುದು. ಇಲ್ಲವಾದರೆ ಬ್ಲೇಡಿನಿಂದ ಬಿಚ್ಚುತ್ತಾ ಹೋಗಿ, ಯಾವ ಸುತ್ತು ಮೊದಲು ಸಡಿಲವಾಯಿತೆಂದು ಗುರುತಿಸಿಕೊಂಡು ಅದೇ ಗಾಳಕ್ಕೆ ಮತ್ತೆ ಕಟ್ಟಿ.