ಊಟ ಬಿಟ್ಟ ದಿನವೂ ಇನ್ಸುಲಿನ್ ಬೇಕು

ಸಿಂಧನೂರಿನ ಅಕ್ಕಾವರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂಗಿಯ ಮಗನಿಗೆ 14 ವರ್ಷ, ಚಿಕ್ಕಂದಿನಿಂದ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ತಾನೆ. ಮೇ ತಿಂಗಳಲ್ಲಿ ಜ್ವರ, ವಾಂತಿ. ಒಂದು ತುತ್ತೂ ಇಳಿಯಲಿಲ್ಲ. ತಿನ್ನದೆ ಸೂಜಿ ಹಾಕಿದರೆ ಶುಗರ್ ಪೂರ್ತಿ ಇಳಿದುಬಿಡುತ್ತದೆ ಅಂತ ಹೆದರಿ ಎರಡು ದಿನ ಬಿಟ್ಟಿರಿ. ರಾಯಚೂರಿಗೆ ಒಯ್ದಾಗ ನೋಡಿದರೆ 480! ಏನೂ ತಿನ್ನದವನಿಗೆ ಇಷ್ಟು ಸಕ್ಕರೆ ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ಲಿವರ್‌ನಿಂದ ಬಂತು. ಹೊಟ್ಟೆ ಖಾಲಿ ಇದ್ದಾಗ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದೆ, ಜ್ವರ ಇದ್ದರೆ ಇನ್ನೂ ಜಾಸ್ತಿ. ಕಾಲುವೆ ತುಂಬಿ ಹರಿದರೂ ತೂಬು ತೆಗೆಯದಿದ್ದರೆ ಗದ್ದೆ ಒಣಗುತ್ತದೆ, ಅಲ್ವಾ? ಇನ್ಸುಲಿನ್ ಇಲ್ಲದ ಮೈಯೂ ಹಾಗೇ. ರಕ್ತದ ತುಂಬ ಸಕ್ಕರೆ ಇದ್ದರೂ ಅದಕ್ಕೆ ಉಪವಾಸ. ಆಗ ಅದು ಕೊಬ್ಬನ್ನು ಉರಿಸತೊಡಗುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ಹುಟ್ಟಿ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಡಾಕ್ಟರು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಅಂದದ್ದು ಇದಕ್ಕೇ. ಹುಡುಗ ಓಡಿಬಂದವನ ಹಾಗೆ ಉಸಿರಾಡಿದ್ದು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬಂದದ್ದು, ಹೊಟ್ಟೆ ನೋವು, ಮಂಪರು ಎಲ್ಲವೂ ಅದರದ್ದೇ.

ಊರಲ್ಲಿ ಬಿಸಿಲು ಬಡಿದಿದೆ ಅಂದರಂತೆ. ನಮ್ಮ ಕಡೆ ಬೇಸಿಗೆಯಲ್ಲಿ ಯಾರು ವಾಂತಿ ಮಾಡಿದರೂ ಮೊದಲು ಹೇಳುವ ಮಾತೇ ಅದು, ನಾನೂ ಹೇಳಿಬಿಡುತ್ತಿದ್ದೆನೇನೋ. ಆದರೆ ಇನ್ಸುಲಿನ್ ಮೇಲಿರುವ ಮಗುವಿಗೆ ವಾಂತಿಯಾದರೆ ಶುಗರ್ ನೋಡಲೇಬೇಕು, ಮೂರ್ನಾಲ್ಕು ತಾಸಿಗೊಮ್ಮೆ. 250 ದಾಟಿದರೆ ಮೂತ್ರದಲ್ಲಿ ಕೀಟೋನ್ ಇದೆಯಾ ಅಂತ ನೋಡಿ, ಅದಕ್ಕೆ ಬೇಕಾದ ಪಟ್ಟಿ ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಡೋಸ್ ಎಷ್ಟು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸಬೇಡಿ, ಅಂದಾಜಿಗೆ ಹೆಚ್ಚಿಸಲೂಬೇಡಿ. ಉಸಿರು ಜೋರಾಯಿತೋ, ಮಂಪರು ಬಂತೋ, 108ಕ್ಕೆ ಕರೆ ಮಾಡಿ. ಇದು ಮನೆಯಲ್ಲಿ ಇಳಿಯುವುದಲ್ಲ. ಆಸ್ಪತ್ರೆಯಲ್ಲಿ ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ಮೂರನ್ನೂ ಅಳೆದು ಅಳೆದು ಕೊಡಬೇಕು.

ತಂಗಿ ತನ್ನದೇ ತಪ್ಪು ಅಂತ ಅಳುತ್ತಿದ್ದಾರೆ ಅಂತ ಬರೆದಿದ್ದೀರಿ. ಕಾಯಿಲೆ ಬಿದ್ದ ದಿನ ಏನು ಮಾಡಬೇಕು ಅಂತ ಯಾರೂ ಹೇಳಿಕೊಡದೇ ಇದ್ದರೆ ಅವರಾದರೂ ಏನು ಮಾಡಿಯಾರು? 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೂ 14 ವರ್ಷವೇ. ಅದಕ್ಕೂ ಮುಂಚೆ ಇಂಥ ಮಕ್ಕಳು ಉಳಿಯುತ್ತಲೇ ಇರಲಿಲ್ಲ.

ನನಗೆ ಇನ್ನೊಂದು ಅನುಮಾನ. ಇನ್ಸುಲಿನ್ ಸೀಸೆ ಎಲ್ಲಿಡ್ತೀರಿ? ಇನ್ನೂ ಬಳಸಲು ಶುರು ಮಾಡದ್ದನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಿಮ್ಮಲ್ಲಿ 40 ದಾಟುವ ಬಿಸಿಲಿಗೆ ಕಿಟಕಿ ಮೇಲಿಟ್ಟ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಸರಿಯಾಗೇ ಇರಬಹುದು. ಫ್ರೀಜರ್‌ನಲ್ಲೂ ಇಡಬೇಡಿ. ಕರೆಂಟ್ ಹೋದರೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ಇಡಿ.